ಮಿಂಚುಳ್ಳಿಯ ಹಿಂದಿದ್ದ ಮಿತಭಾಷಿ

ಬೆಂಗಳೂರಿನ ಸಂತ ಜೋಸೆಫರ ಇಂಡಿಯನ್ ಪ್ರೌಢಶಾಲೆ ಯಾವ ರಸ್ತೆಯಲ್ಲಿದೆ ಎಂದು ಕೇಳಿದರೆ ನಿಮ್ಮಲ್ಲಿ ಹಿರಿಯರು ಗ್ರ್ಯಾಂಟ್ ರಸ್ತೆ ಎನ್ನುತ್ತೀರಿ, ಕಿರಿಯರು ವಿಠಲ್ ಮಲ್ಯ ರಸ್ತೆ ಎನ್ನುತ್ತೀರಿ. ಜಯನಗರ, ಬನಶಂಕರಿ ಕಡೆಯಿಂದ ಮಕ್ಕಳನ್ನು ಆ ಶಾಲೆಗೆ ಕಳುಹಿಸಿದ ತಂದೆತಾಯಂದಿರೂ ನಿಮ್ಮಲ್ಲಿ ಇರಬಹುದು. ಅದೇ ರಸ್ತೆಯಲ್ಲಿ ಮಲ್ಯ ಆಸ್ಪತ್ರೆಯಿದೆ. ಒಂದು ಕಾಲಕ್ಕೆ ಬಿಯರ್ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಯುಬಿ ಸಿಟಿಯ ಗೋಪುರಗಳು ಎದ್ದಿವೆ. ಶಾಲೆ, ಆಸ್ಪತ್ರೆ, ಬಿಯರು ಮೂರನ್ನೂ ಕಂಡ ಈ ರಸ್ತೆಗೆ ಹೆಸರು ಕೊಟ್ಟ ಮನುಷ್ಯ ಯಾರು? ಮಲ್ಯ ಎಂದೊಡನೆ ಇಂದು ಜನರ ಬಾಯಿಗೆ ಬರುವುದು ಮಗನ ಹೆಸರು. ತಂದೆಯ ಬಾಳು ಬೇರೆಯೇ ಬಗೆಯದು. ಮಕ್ಕಳಿಗಾಗಿ ದುಡಿಯುವ ಸಂಸಾರಸ್ಥರಾದ ನಾವು ಅದನ್ನು ತಿಳಿಯುವುದು ಒಳ್ಳೆಯದು.

ವಿಠಲ್ ಮಲ್ಯರು ಹುಟ್ಟಿದ್ದು 1924ರ ಫೆಬ್ರವರಿ 8ರಂದು, ಇಂದಿನ ಬಾಂಗ್ಲಾದೇಶದ ಢಾಕಾ ನಗರದಲ್ಲಿ. ಮನೆತನ ಮಾತ್ರ ನಮ್ಮ ದಕ್ಷಿಣ ಕನ್ನಡದ ಬಂಟ್ವಾಳದ್ದು. ಮಂಗಳೂರು ಕಡೆಯ ಕ್ರೈಸ್ತರಂತೆಯೇ ಮನೆಯಲ್ಲಿ ಕೊಂಕಣಿ ಮಾತನಾಡುವ ಗೌಡ ಸಾರಸ್ವತ ಸಮಾಜಕ್ಕೆ ಸೇರಿದವರು. ತಂದೆ ಲೆಫ್ಟಿನೆಂಟ್ ಕರ್ನಲ್ ಬಂಟ್ವಾಳ ಗಣಪತಿ ಮಲ್ಯರು ಸೈನ್ಯದಲ್ಲಿ ವೈದ್ಯರು. ಮಗ ಡೆಹ್ರಾಡೂನಿನ ಡೂನ್ ಶಾಲೆಯಲ್ಲೂ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಓದಿದರು. ವೈದ್ಯರ ಮಗ ವೈದ್ಯನಾಗುತ್ತಾನೆ, ಇಲ್ಲವೇ ಸರ್ಕಾರಿ ಹುದ್ದೆ ಹಿಡಿಯುತ್ತಾನೆ ಎಂದು ಯಾರಾದರೂ ಎಣಿಸಬಹುದಾಗಿತ್ತು. ಮದ್ಯದ ವ್ಯಾಪಾರಕ್ಕೆ ಇಳಿಯುತ್ತಾನೆಂದು ಯಾರು ತಾನೇ ನೆನೆಸಿಯಾರು!

ಆ ಕಾಲದಲ್ಲಿ ಬಿಯರ್ ಉದ್ಯಮವೆಲ್ಲ ಬ್ರಿಟಿಷರ ಕೈಯಲ್ಲಿತ್ತು. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವರು 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಕಟ್ಟಿದ್ದರು. ಅವುಗಳಲ್ಲಿ ಹಳೆಯದು 1857ರಷ್ಟು ಹಿಂದಿನದು. ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ತುಂಬಿದ ಬಿಯರು ಎತ್ತಿನ ಗಾಡಿಗಳಲ್ಲಿ ದಂಡಿನ ಪಾಳೆಯಗಳಿಗೆ ಹೋಗುತ್ತಿತ್ತು. ಕುಡಿಯುವವರು ಹೆಚ್ಚಾಗಿ ಬ್ರಿಟಿಷ್ ಸೈನಿಕರು.

ಎರಡನೆಯ ಮಹಾಯುದ್ಧ ಮುಗಿಯಿತು. ಬ್ರಿಟಿಷರು ಗಂಟುಮೂಟೆ ಕಟ್ಟುವ ಕಾಲ ಬಂತು. ಗಿರಾಕಿಗಳೇ ಹೊರಟುಹೋಗುವ ಕಂಪನಿಯ ಷೇರನ್ನು ಯಾರು ಕೊಳ್ಳುತ್ತಾರೆ? ಇಪ್ಪತ್ತೆರಡು, ಇಪ್ಪತ್ಮೂರರ ಹರೆಯದ ವಿಠಲ್ ಮಲ್ಯರು ಕೊಂಡರು. 1946-47ರಲ್ಲಿ ಷೇರುಪೇಟೆಯಲ್ಲಿ ಗದ್ದಲವಿಲ್ಲದೆ ಕೊಳ್ಳುತ್ತಾ ಹೋದರು. 1947ರಲ್ಲಿ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಮರುವರ್ಷ ಅಧ್ಯಕ್ಷ ಪೀಠವೂ ಅವರದಾಯಿತು.

ಪೀಠವೇನೋ ಸಿಕ್ಕಿತು, ಆದರೆ ಕಾಲ ಅನುಕೂಲವಾಗಿರಲಿಲ್ಲ. ಅದೇ 1948ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಪೂರ್ಣ ಪಾನನಿಷೇಧ ಜಾರಿಗೆ ಬಂತು. 1949ರಲ್ಲಿ ಮುಂಬಯಿ ಪ್ರಾಂತ್ಯವೂ ಅದೇ ದಾರಿ ಹಿಡಿದು ಕಾನೂನು ಮಾಡಿತು. ಮರುವರ್ಷ ಜಾರಿಯಾದ ನಮ್ಮ ಸಂವಿಧಾನದ 47ನೆಯ ವಿಧಿಯು ಮಾದಕ ಪಾನೀಯಗಳನ್ನು ನಿಷೇಧಿಸಲು ಸರ್ಕಾರ ಯತ್ನಿಸಬೇಕೆಂದು ಹೇಳಿತು. ಗಾಂಧೀಜಿಯ ನಾಡಿನಲ್ಲಿ ಮದ್ಯದ ಕಂಪನಿಗೆ ಭವಿಷ್ಯವಿಲ್ಲವೆಂದೇ ತೋರುತ್ತಿತ್ತು.

ವಿಠಲ್ ಮಲ್ಯರು ಎರಡು ಉಪಾಯ ಮಾಡಿದರು. ಮೊದಲನೆಯದಾಗಿ, ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಇಡಲಿಲ್ಲ. ಜಾಮು, ಹಣ್ಣಿನ ರಸ ತಯಾರಿಸುತ್ತಿದ್ದ ಬೆಂಗಳೂರಿನ ಕಿಸಾನ್ ಕಂಪನಿಯನ್ನು 1950ರ ಸುಮಾರಿಗೆ ಕೊಂಡರು. ನಿಮ್ಮ ಮನೆಗಳಲ್ಲಿ ಮಕ್ಕಳು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದ ಕಿಸಾನ್ ಜಾಮು 1990ರ ದಶಕದ ಆರಂಭದವರೆಗೂ ಇದೇ ಬಿಯರ್ ಸಮೂಹಕ್ಕೆ ಸೇರಿದ್ದೆಂದರೆ ಆಶ್ಚರ್ಯವಾಗುವುದಿಲ್ಲವೇ? ಎರಡನೆಯದಾಗಿ, ಇತರರು ಹೆದರಿ ಬಿಟ್ಟದ್ದನ್ನು ಇವರು ಕೊಂಡರು. 1951ರಲ್ಲಿ, ವಿದೇಶಿ ಮದ್ಯವನ್ನು ತರಿಸಿ ಮಾರುತ್ತಿದ್ದ ಮ್ಯಾಕ್‌ಡೊವೆಲ್ ಕಂಪನಿ ಅವರದಾಯಿತು. ವಿದೇಶಿ ವಿನಿಮಯದ ಕೊರತೆಯಿಂದ ಸರ್ಕಾರ ಆಮದನ್ನು ಬಿಗಿಗೊಳಿಸಿದಾಗ ಅದೇ ಸರಕನ್ನು ಇಲ್ಲಿಯೇ ಮಾಡಲು ಹೊರಟರು. 1959ರಲ್ಲಿ ಕೇರಳದ ಚೇರ್ತಲದಲ್ಲಿ ಮ್ಯಾಕ್‌ಡೊವೆಲ್‌ನ ಮದ್ಯಸಾರ ಕಾರ್ಖಾನೆ ಆರಂಭವಾಯಿತು.

ಈ ವ್ಯಾಪಾರದ ಗುಟ್ಟನ್ನು ನೀವು ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ದೇಶದಲ್ಲಿ ಅಬಕಾರಿ ಎಂಬುದು ರಾಜ್ಯ ಸರ್ಕಾರದ ಹಿಡಿತದಲ್ಲಿದೆ. ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಸುಂಕ, ಬೇರೆ ಬೇರೆ ಲೈಸೆನ್ಸು. ಒಂದು ರಾಜ್ಯದ ಬಾಟಲಿ ಇನ್ನೊಂದು ರಾಜ್ಯದ ಗಡಿ ದಾಟಬೇಕಾದರೆ ಮತ್ತೆ ತೆರಿಗೆ. ಆದ್ದರಿಂದ ದೇಶವೆಲ್ಲ ಮಾರಬೇಕೆನ್ನುವವರಿಗೆ ಹಲವು ರಾಜ್ಯಗಳಲ್ಲಿ ಕಾರ್ಖಾನೆ ಬೇಕು. ಹೊಸ ಲೈಸೆನ್ಸಾದರೋ ಸುಲಭಕ್ಕೆ ಸಿಗದು. ಹೀಗಿರುವಾಗ ನಷ್ಟದಲ್ಲಿರುವ ಹಳೆಯ ಕಾರ್ಖಾನೆಯ ನಿಜವಾದ ಬೆಲೆ ಅದರ ಯಂತ್ರಗಳಲ್ಲಿ ಇರಲಿಲ್ಲ, ಗೋಡೆಗೆ ತೂಗುಹಾಕಿದ ಆ ಕಾಗದದಲ್ಲಿತ್ತು. ಲೆಕ್ಕಪತ್ರಗಳನ್ನು ಓದುವುದರಲ್ಲಿ ನಿಪುಣರಾಗಿದ್ದ ಮಲ್ಯರು ಇದನ್ನು ಚೆನ್ನಾಗಿ ಅರಿತಿದ್ದರು.

1977ರಲ್ಲಿ ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾಗಿ, ನಾಲ್ಕು ವರ್ಷಗಳೊಳಗೆ ದೇಶಾದ್ಯಂತ ಪಾನನಿಷೇಧ ತರುವ ಮಾತನ್ನು ಆಡಿದಾಗ ಮದ್ಯದ ಉದ್ಯಮಿಗಳು ನಡುಗಿಹೋದರು. ಕೈಗೆ ಬಂದಷ್ಟು ಬರಲಿ ಎಂದು ಕಾರ್ಖಾನೆಗಳನ್ನು ಮಾರಲು ನಿಂತವರಿದ್ದರು. ವಿಠಲ್ ಮಲ್ಯರು ಕೊಳ್ಳಲು ನಿಂತರು. 1979ರ ಜುಲೈಯಲ್ಲಿ ಆ ಸರ್ಕಾರ ಬಿದ್ದುಹೋಯಿತು. ಪಾನನಿಷೇಧದ ಮಾತೂ ಅದರೊಂದಿಗೆ ಮರೆಯಾಯಿತು. ಅವರ ಸಮೂಹ ದೇಶದ ಅತಿ ದೊಡ್ಡ ಮದ್ಯ ತಯಾರಕರ ಸಾಲಿಗೆ ಸೇರಿತು. ಈ ನಡುವೆ, 1978ರಲ್ಲಿ, ಕಂಪನಿಯ ಹಳೆಯ ಹೆಸರೊಂದಕ್ಕೆ ಹೊಸ ರೂಪ ಕೊಟ್ಟು ಪೇಟೆಗೆ ತರಲಾಯಿತು. ಅದೇ ಕಿಂಗ್‌ಫಿಷರ್, ಕನ್ನಡದಲ್ಲಿ ಹೇಳುವುದಾದರೆ ಮಿಂಚುಳ್ಳಿ. ಕೆರೆಯಂಚಿನಲ್ಲಿ ಕಾದು ಕುಳಿತು ಸಮಯ ನೋಡಿ ಎರಗುವ ಆ ಹಕ್ಕಿಯ ಹೆಸರು ಯಜಮಾನರ ಸ್ವಭಾವಕ್ಕೂ ಒಪ್ಪುವಂತಿತ್ತು. 1982ರಲ್ಲಿ ಅದು ಇಂಗ್ಲೆಂಡನ್ನು ತಲುಪಿತು. ಯಾರ ಸೈನಿಕರಿಗಾಗಿ ಈ ಬಿಯರಿನ ವ್ಯಾಪಾರ ಹುಟ್ಟಿತೋ ಅವರ ಊರಿಗೇ ಬೆಂಗಳೂರಿನ ಬಾಟಲಿ ಹೋಯಿತು! ಮುಂದಿನ ದಶಕಗಳಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳ ಅಂಗಡಿ, ಹೋಟೆಲುಗಳಲ್ಲಿ ಅದು ಸಿಗುವಂತಾಯಿತು.

ಇಷ್ಟು ಸಂಪತ್ತಿನ ಒಡೆಯರ ಜೀವನಕ್ರಮ ಹೇಗಿತ್ತೆಂದು ನೀವು ಕೇಳಬಹುದು. ಅವರು ಮಿತಭಾಷಿ, ಪ್ರಚಾರಕ್ಕೆ ದೂರ, ಖರ್ಚಿನಲ್ಲಿ ಬಲು ಬಿಗಿ. ಪೈಸೆ ಪೈಸೆಗೂ ಲೆಕ್ಕ ಕೇಳುವವರೆಂದು ಹೆಸರಾಗಿದ್ದರು. 1983ರ ಅಕ್ಟೋಬರ್ 13ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಐವತ್ತೊಂಬತ್ತು ವರ್ಷ.

ಇಪ್ಪತ್ತೇಳರ ಮಗ ವಿಜಯ್ ಮಲ್ಯ ಉತ್ತರಾಧಿಕಾರಿಯಾದರು. ಕಿಂಗ್‌ಫಿಷರನ್ನು ಮನೆಮಾತಾಗಿಸಿದ ಕೀರ್ತಿ ಮಗನದೂ ಹೌದು. ಆದರೆ ತಂದೆಯ ಮಿತಿ ಮಗನಿಗೆ ಹಿಡಿಸಲಿಲ್ಲ. 2005ರಲ್ಲಿ ಅದೇ ಹಕ್ಕಿಯ ಹೆಸರಿನಲ್ಲಿ ಆರಂಭವಾದ ವಿಮಾನ ಸಂಸ್ಥೆ ಸಾಲದ ಭಾರದಿಂದ 2012ರಲ್ಲಿ ನೆಲ ಕಚ್ಚಿತು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಬೀದಿಗಿಳಿದರು. 2016ರಲ್ಲಿ ಮಗ ದೇಶ ಬಿಟ್ಟರು. 2019ರಲ್ಲಿ ನ್ಯಾಯಾಲಯ ಅವರನ್ನು ತಲೆಮರೆಸಿಕೊಂಡ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ತಂದೆ ಕಟ್ಟಿದ ಮದ್ಯದ ಕಂಪನಿಯ ಒಡೆತನ ಬ್ರಿಟನ್ನಿನ ಡಿಯಾಜಿಯೊ ಪಾಲಾಯಿತು. ಬಿಯರ್ ಕಂಪನಿಯ ಹೆಚ್ಚಿನ ಷೇರು 2021ರಲ್ಲಿ ಹಾಲೆಂಡಿನ ಹೈನೆಕೆನ್ ಕೈ ಸೇರಿತು. ಬ್ರಿಟಿಷರಿಂದ ಬಂದದ್ದು ಒಂದೇ ತಲೆಮಾರಿನ ಅಂತರದಲ್ಲಿ ಮತ್ತೆ ಪರದೇಶದವರ ಕೈಗೆ ಹೋಯಿತು.

ಪ್ರಿಯ ಓದುಗರೇ, ಈ ಚರಿತ್ರೆಯನ್ನು ಓದುವಾಗ ನಮ್ಮ ಮನಸ್ಸು ಒಂದೆಡೆ ಮೆಚ್ಚುತ್ತದೆ, ಇನ್ನೊಂದೆಡೆ ಹಿಂಜರಿಯುತ್ತದೆ. ಹಿಂಜರಿಯುವುದು ಸಹಜವೇ. ಕುಡಿತದಿಂದ ಒಲೆ ಆರಿದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಸಂಬಳದ ದಿನ ಗಂಡ ಎಷ್ಟು ಹೊತ್ತಿಗೆ ಬರುತ್ತಾನೋ ಎಂದು ಬಾಗಿಲು ಕಾಯುವ ಹೆಂಡತಿಗೆ ಬಾಟಲಿಯ ಮೇಲಿನ ಹಕ್ಕಿ ಚೆಂದ ಕಾಣುವುದಿಲ್ಲ. ವಿಠಲ್ ಮಲ್ಯರ ಜಾಣ್ಮೆಯನ್ನು ಹೊಗಳುವ ಭರದಲ್ಲಿ ಆ ತಾಯಿಯನ್ನು ನಾವು ಮರೆಯಬಾರದು. ಹಾಗೆಂದು ಅವರ ದುಡಿಮೆ, ತಾಳ್ಮೆ, ಮಿತವ್ಯಯಗಳನ್ನು ಇಲ್ಲವೆನ್ನುವುದೂ ನ್ಯಾಯವಲ್ಲ.

ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1987ರಲ್ಲಿ, ಅವರ ನೆನಪಿಗಾಗಿ ವಿಠಲ್ ಮಲ್ಯ ವೈಜ್ಞಾನಿಕ ಸಂಶೋಧನಾ ಪ್ರತಿಷ್ಠಾನ ಹುಟ್ಟಿತು. ನಮ್ಮ ಬಿಟಿಎಂ ಲೇಔಟಿನ ಎರಡನೇ ಹಂತದಲ್ಲಿ ನೆಲೆಸಿದ ಆ ಸಂಸ್ಥೆಯ ವಿಜ್ಞಾನಿಗಳು, ಮಲೆನಾಡಿನವರು ಅಡುಗೆಯ ಹುಳಿಗೆ ಬಳಸುವ ಉಪ್ಪಗೆಯ ಜಾತಿಯ ಕಾಯಿಗಳ ಸಿಪ್ಪೆಯಲ್ಲಿರುವ ಆಮ್ಲದ ಮೇಲೆ ಸಂಶೋಧನೆ ಮಾಡಿ ಪೇಟೆಂಟ್ ಪಡೆದರು. ಕೋಟಿಗಳ ವ್ಯವಹಾರ ಕೈಬದಲಾಯಿಸಿತು. ಅವರ ಹೆಸರಿನೊಂದಿಗೆ ಉಳಿದದ್ದು ಇಂಥ ಕೆಲಸ, ಒಂದು ಆಸ್ಪತ್ರೆ, ಒಂದು ರಸ್ತೆ.

ಮಕ್ಕಳಿಗೆ ಮನೆ, ನಿವೇಶನ, ಬ್ಯಾಂಕಿನ ಠೇವಣಿ ಬಿಟ್ಟುಹೋಗಬೇಕೆಂದು ನಾವೆಲ್ಲ ಒದ್ದಾಡುತ್ತೇವೆ. ಆಸ್ತಿಯನ್ನು ಒಂದು ಸಹಿಯಿಂದ ಬರೆದುಕೊಡಬಹುದು. ಮಿತಿಯನ್ನು, ದುಡಿಮೆಯ ಬೆಲೆಯನ್ನು ಹಾಗೆ ಬರೆದುಕೊಡಲು ಬರುವುದಿಲ್ಲ. ನಾವು ಬದುಕಿರುವಾಗಲೇ ದಿನದಿನವೂ ಮಕ್ಕಳೊಡನೆ ಕುಳಿತು ಕಲಿಸಬೇಕಾಗುತ್ತದೆ. ಈ ವಾರ ನಿಮ್ಮ ಮನೆಯ ಖರ್ಚಿನ ಪುಸ್ತಕವನ್ನು ಬರೆಯುವಾಗ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳುವಿರಾ?