ರಕ್ತದಲ್ಲಿ ಕಬ್ಬಿಣ ಇದ್ದರೆ ಅಯಸ್ಕಾಂತ ಎಳೆಯುತ್ತದೆಯೇ? ಸಂಡೂರಿನ ಅದಿರು ಮತ್ತು ಲೂಯಿ ನೇಲ್ ಕತೆ

ರಕ್ತದಲ್ಲಿ ಕಬ್ಬಿಣ ಇದೆ, ಹಾಗಾಗಿ ಅಯಸ್ಕಾಂತದ ಬಳೆ ಹಾಕಿಕೊಂಡರೆ ರಕ್ತ ಸಂಚಾರ ಸರಾಗವಾಗಿ ಬಿಪಿ ಇಳಿಯುತ್ತದೆ ಎನ್ನುವ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದನ್ನು ನಂಬಿ ಯಾರಾದರೂ ಬಿಪಿ ಮಾತ್ರೆ ಬಿಟ್ಟರೆ ಜೀವಕ್ಕೇ ಅಪಾಯ. ಕಬ್ಬಿಣ ಇದ್ದಲ್ಲೆಲ್ಲ ಅಯಸ್ಕಾಂತದ ಸೆಳೆತ ಇರಲೇಬೇಕು ಎಂಬ ತಪ್ಪು ನಂಬಿಕೆಯೇ ಈ ಮೆಸೇಜಿನ ಬುಡ.

ಹೊಸಪೇಟೆ, ಸಂಡೂರು ಕಡೆಯವರು ಇದನ್ನು ತಾವೇ ಪರೀಕ್ಷಿಸಬಹುದು. ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಸಂಡೂರಿನ ಕೆಂಪು ಅದಿರಿನ ಪುಡಿಯಲ್ಲಿ ಆಡಿಸಿ. ಪುಡಿ ಬಹುಪಾಲು ಅಲ್ಲೇ ಉಳಿಯುತ್ತದೆ. ಅದನ್ನೇ ಹಂಪಿ, ಕಂಪ್ಲಿ ಕಡೆ ತುಂಗಭದ್ರೆಯ ಮರಳಿಗೆ ಹಿಡಿಯಿರಿ. ಮರಳಿನಲ್ಲಿರುವ ಕಪ್ಪು ಕಣಗಳು ಮೀಸೆಯ ಹಾಗೆ ಅಂಟಿಕೊಳ್ಳುತ್ತವೆ. ಕೆಂಪಿನದು ಹೆಮಟೈಟ್, ಕಪ್ಪಿನದು ಮ್ಯಾಗ್ನೆಟೈಟ್. ಎರಡರಲ್ಲೂ ಇರುವುದು ಕಬ್ಬಿಣ ಮತ್ತು ಆಮ್ಲಜನಕ ಮಾತ್ರ. ಶುದ್ಧ ಹೆಮಟೈಟ್‌ನಲ್ಲಿ ತೂಕದ ಶೇ. 70ರಷ್ಟು ಕಬ್ಬಿಣವಾದರೆ ಮ್ಯಾಗ್ನೆಟೈಟ್‌ನಲ್ಲಿ ಶೇ. 72. ಆದರೆ ಕಾಂತತ್ವದಲ್ಲಿ ನೂರು ಪಟ್ಟಿಗೂ ಹೆಚ್ಚು ವ್ಯತ್ಯಾಸ! ಇದರ ಗುಟ್ಟು ಬಿಡಿಸಿದವರು ಫ್ರಾನ್ಸ್‌ನ ಭೌತವಿಜ್ಞಾನಿ ಲೂಯಿ ನೇಲ್.

ನೇಲ್ ಹುಟ್ಟಿದ್ದು 1904ರ ನವೆಂಬರ್ 22ರಂದು, ಲಿಯಾನ್ ನಗರದಲ್ಲಿ. ಸ್ಟ್ರಾಸ್‌ಬರ್ಗ್‌ನಲ್ಲಿ ಪಿಯರ್ ವೈಸ್ ಅವರ ಕೈಕೆಳಗೆ ಸಂಶೋಧನೆ ಮಾಡಿದರು. ಪರಮಾಣುಗಳು ಪುಟ್ಟ ಅಯಸ್ಕಾಂತಗಳಂತೆ ಒಂದೇ ದಿಕ್ಕಿಗೆ ಮುಖ ಮಾಡಿದರೆ ವಸ್ತು ಅಯಸ್ಕಾಂತವಾಗುತ್ತದೆ ಎಂಬುದು ಗುರುಗಳ ವಿವರಣೆ. ಶಿಷ್ಯ ಬೇರೆಯೇ ಒಂದು ಸಾಧ್ಯತೆ ಕಂಡರು. ಕೆಲವು ವಸ್ತುಗಳಲ್ಲಿ ಅಕ್ಕಪಕ್ಕದ ಪರಮಾಣುಗಳು ಒಂದು ಮೇಲೆ, ಒಂದು ಕೆಳಗೆ ಮುಖ ಮಾಡಿ ಪರಸ್ಪರ ರದ್ದಾಗುತ್ತವೆ ಎಂದರು. ಅದು 1930ರ ದಶಕ. ಕಣ್ಣಿಗೆ ಕಾಣುವ ಪುರಾವೆ ಆಗ ಇರಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು. ಹಡಗಿನ ಉಕ್ಕಿನ ಮೈಯಲ್ಲಿರುವ ಕಾಂತತ್ವವನ್ನು ಗುರುತಿಸಿ ಸಿಡಿಯುವ ಬಾಂಬ್‌ಗಳನ್ನು ಜರ್ಮನಿ ಸಮುದ್ರದಲ್ಲಿ ಹುದುಗಿಸಿತ್ತು. ಹಡಗಿಗೆ ವಿರುದ್ಧ ದಿಕ್ಕಿನ ಕಾಂತತ್ವ ತುಂಬಿ ಅದನ್ನು ಬಾಂಬಿನ ಗಮನಕ್ಕೆ ಬಾರದಂತೆ ಮಾಡುವ ವಿಧಾನವನ್ನು ನೇಲ್ ಫ್ರೆಂಚ್ ನೌಕಾಪಡೆಗೆ ರೂಪಿಸಿಕೊಟ್ಟರು. 1940ರಲ್ಲಿ ಫ್ರಾನ್ಸ್ ಸೋತು ಸ್ಟ್ರಾಸ್‌ಬರ್ಗ್ ಜರ್ಮನಿಯ ಪಾಲಾದಾಗ ಗ್ರೆನೋಬಲ್ ಊರಿಗೆ ಬಂದು ಹೊಸದಾಗಿ ಪ್ರಯೋಗಾಲಯ ಕಟ್ಟಿದರು.

1948ರಲ್ಲಿ ಅವರು ಫೆರೈಟ್‌ಗಳ ಒಗಟು ಬಿಡಿಸಿದರು. ಕಬ್ಬಿಣದ ಆಕ್ಸೈಡಿಗೆ ಬೇರೆ ಲೋಹ ಬೆರೆತ ಕಾಂತವಸ್ತುಗಳೇ ಫೆರೈಟ್. ನೀವು ಬಿಚ್ಚಿದ ಸ್ಪೀಕರಿನ ಕಪ್ಪು ಅಯಸ್ಕಾಂತವೂ ಬಹುಶಃ ಅದೇ. ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಮ್ಯಾಗ್ನೆಟೈಟ್‌ನಲ್ಲಿ ಹಗ್ಗದ ಒಂದು ತುದಿಗೆ 5 ಪಾಲು ಬಲದ ಒಂದು ಕಬ್ಬಿಣದ ಪರಮಾಣು. ಇನ್ನೊಂದು ತುದಿಗೆ 5 ಪಾಲಿನದೊಂದು, 4 ಪಾಲಿನದೊಂದು. ಐದಕ್ಕೆ ಐದು ವಜಾ, ಉಳಿದದ್ದು 4. ಅಳತೆಯಲ್ಲಿ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಹೆಮಟೈಟ್‌ನಲ್ಲಿ ಎರಡೂ ತಂಡ ಸಮಬಲ, ಹಾಗಾಗಿ ಹಗ್ಗ ಅಲ್ಲಾಡುವುದೇ ಇಲ್ಲ ಎನ್ನಬಹುದು.

ನಮಗೆ ತುಂಬ ಇಷ್ಟವಾದದ್ದು ಸತುವಿನ ಕತೆ. ಸತುವಿಗೆ ಕಾಂತಬಲವಿಲ್ಲ. ಆದರೂ ಸ್ವಲ್ಪ ಬೆರೆಸಿದರೆ ಫೆರೈಟ್‌ನ ಕಾಂತತ್ವ ಹೆಚ್ಚುತ್ತದೆ! ಸತು ಹೋಗಿ ಕೂರುವುದು ಸೋಲುವ ತಂಡದ ಜಾಗದಲ್ಲಿ. ಆ ತಂಡದ ಆಳು ಕಡಿಮೆಯಾದರೆ ಗೆಲ್ಲುವ ತಂಡದ ಎಳೆತ ಜೋರಾಗಲೇಬೇಕಲ್ಲ. ಆದರೆ ಅತಿಯಾದರೆ ಗೆಲ್ಲುವ ತಂಡದಲ್ಲೇ ಒಡಕು ಬಂದು ಕಾಂತತ್ವ ಕುಸಿಯುತ್ತದೆ. ಕೋಬಾಲ್ಟ್ ಬೆರೆತರೆ ಫೆರೈಟ್ ಹಟಮಾರಿ, ಸುಲಭಕ್ಕೆ ದಿಕ್ಕು ಬದಲಿಸದು. ಮ್ಯಾಂಗನೀಸ್ ಮತ್ತು ಸತು ಸೇರಿದರೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವಷ್ಟು ಮೆದು. ಮೊಬೈಲ್ ಚಾರ್ಜರಿನೊಳಗೆ ಬೇಕಾದದ್ದು ಇಂಥದ್ದೇ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಅದಿರೂ ಇದೆ ಎಂಬುದು ಆ ಕಡೆಯವರಿಗೆ ಹೇಳಬೇಕಾಗಿಲ್ಲ.

ಮರುವರ್ಷ, ಅಂದರೆ 1949ರಲ್ಲಿ, ನೇಲ್ ಕಣದ ಗಾತ್ರದತ್ತ ತಿರುಗಿದರು. ಕಣ ತೀರಾ ಚಿಕ್ಕದಾದರೆ ಸುತ್ತಲಿನ ಶಾಖವೇ ಅದರ ಕಾಂತದಿಕ್ಕನ್ನು ಮತ್ತೆ ಮತ್ತೆ ತಿರುಗಿಸುತ್ತದೆ. ತುಸು ದೊಡ್ಡದಾದರೆ ಅದೇ ದಿಕ್ಕು ಕೋಟ್ಯಂತರ ವರ್ಷ ಉಳಿಯುತ್ತದೆ. ಲಾವಾ ಕಲ್ಲು, ಸುಟ್ಟ ಇಟ್ಟಿಗೆಗಳಲ್ಲಿ ಭೂಮಿಯ ಹಳೆಯ ಕಾಂತದಿಕ್ಕು ಅಚ್ಚಾಗಿರುವುದು ಹೀಗೆ. ಇಂದಿನ ಫೆರೈಟ್ ನ್ಯಾನೋ ಕಣಗಳ ಲೆಕ್ಕಾಚಾರ ನಡೆಯುವುದೂ ಇದೇ ಸಿದ್ಧಾಂತದ ಮೇಲೆ. ಅಷ್ಟು ಚಿಕ್ಕ ಕಣದಲ್ಲಿ ಪರಮಾಣುಗಳ ಜಾಗವೂ ಅದಲುಬದಲಾಗುತ್ತದೆ. ಗಟ್ಟಿಯಾಗಿರುವಾಗ ಸೆಳೆತವಿಲ್ಲದ ಸತುವಿನ ಫೆರೈಟ್ ನ್ಯಾನೋ ಗಾತ್ರದಲ್ಲಿ ಸೆಳೆತ ತೋರಿಸುವುದು ಅದಕ್ಕೇ.

ಈಗ ರಕ್ತಕ್ಕೆ ಬರೋಣ. ಒಂದು ಹಿಮೋಗ್ಲೋಬಿನ್‌ನಲ್ಲಿರುವುದು 4 ಕಬ್ಬಿಣದ ಪರಮಾಣು, ಅವೂ ದೂರ ದೂರ. ತಂಡವೇ ಇಲ್ಲದಿದ್ದರೆ ಹಗ್ಗ ಎಳೆಯುವವರು ಯಾರು? ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ಎಳೆಯುವುದಿಲ್ಲ, ತೀರಾ ಸ್ವಲ್ಪ ದೂಡುತ್ತದೆ. ಎಂಆರ್‌ಐ ಯಂತ್ರದ ಬಲ ಸಾಮಾನ್ಯವಾಗಿ 1.5 ಟೆಸ್ಲಾ, ಯಾವ ಬಳೆಗೂ ನಿಲುಕದಷ್ಟು. ಅದರೊಳಗೆ ಮಲಗಿ ಬಂದವರ ರಕ್ತ ಒಂದು ಪಕ್ಕಕ್ಕೆ ಹೋಗಿ ನಿಂತಿಲ್ಲ.

ನೇಲ್ ಹೇಳಿದ ಮೇಲೆ-ಕೆಳಗೆ ಜೋಡಣೆಯನ್ನು ಅಮೆರಿಕದ ವಿಜ್ಞಾನಿಗಳು ನ್ಯೂಟ್ರಾನ್ ಹಾಯಿಸಿ 1949ರಲ್ಲಿ ಕಂಡರು. ಅದೂ ಮ್ಯಾಂಗನೀಸ್ ಆಕ್ಸೈಡ್‌ನಲ್ಲೇ. 1970ರಲ್ಲಿ ನೇಲ್ ಅವರಿಗೆ ನೊಬೆಲ್ ಬಂತು. ಪೂರ್ತಿ ರದ್ದಾಗುವ ಅಂಥ ವಸ್ತುಗಳಿಂದ ಬಳಕೆಯ ಪ್ರಯೋಜನ ಕಾಣುತ್ತಿಲ್ಲ ಎಂದೇ ಅವರು ಆಗಲೂ ಭಾವಿಸಿದ್ದರು. 2000ದ ನವೆಂಬರ್ 17ರಂದು ಅವರು ತೀರಿಕೊಳ್ಳುವ ಹೊತ್ತಿಗೆ ಕಂಪ್ಯೂಟರ್ ಹಾರ್ಡ್ ಡಿಸ್ಕ್‌ಗಳ ಓದುವ ಮೊನೆಯಲ್ಲಿ ಅವೇ ವಸ್ತುಗಳು ಕೆಲಸ ಮಾಡುತ್ತಿದ್ದವು.