ಕಚ್ಚಿದ್ದೇ ಗೊತ್ತಾಗದ ರೇಬೀಸ್: ಡಾ. ಜೋಸೆಫ್ ಪವಾನ್

ರೇಬೀಸ್ ಎಂದರೆ ನಿಮಗೆ ಹುಚ್ಚುನಾಯಿ ನೆನಪಾಗುತ್ತದೆ, ಅಲ್ಲವೇ? 1929ರಲ್ಲಿ ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದಲ್ಲಿ ಸತ್ತವರಿಗೆ ಯಾವ ನಾಯಿಯೂ ಕಚ್ಚಿರಲಿಲ್ಲ. ಕಾಲಿನಿಂದ ಮೇಲಕ್ಕೇರುವ ಲಕ್ವ, ಕೆಲವೇ ದಿನಗಳಲ್ಲಿ ಸಾವು. ವೈದ್ಯರು ಮೊದಲು ಪೋಲಿಯೊ ಎಂದುಕೊಂಡರು. ಸತ್ತವರ ಮಿದುಳನ್ನು ಪರೀಕ್ಷಿಸಿದಾಗ ಅದು ರೇಬೀಸ್ ಎಂದು ತಿಳಿಯಿತು. ಆದರೆ ಬಂದದ್ದು ಎಲ್ಲಿಂದ?

ಉತ್ತರ ಹುಡುಕಿದವರು ಅಲ್ಲಿಯ ಸರ್ಕಾರಿ ಬ್ಯಾಕ್ಟೀರಿಯಾಲಜಿಸ್ಟ್ ಡಾ. ಜೋಸೆಫ್ ಲೆನಾಕ್ಸ್ ಪವಾನ್. 1887ರಲ್ಲಿ ಅದೇ ದ್ವೀಪದಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದವರು. ರಕ್ತ ಹೀರುವ ವ್ಯಾಂಪೈರ್ ಬಾವಲಿ ಮಲಗಿದವರ ಕಾಲ್ಬೆರಳಿಗೆ ಮಾಡುವ ಗಾಯ ಎಷ್ಟು ಚಿಕ್ಕದೆಂದರೆ, ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ. 1931ರಲ್ಲಿ ಪವಾನ್ ಬಾವಲಿಯ ಮಿದುಳಿನಲ್ಲಿ ರೇಬೀಸ್‌ನ ಗುರುತಾದ ನೆಗ್ರಿ ಕಣಗಳನ್ನು ಕಂಡರು. ಬಾವಲಿಗಳನ್ನು ಪ್ರಯೋಗಾಲಯದಲ್ಲಿಟ್ಟು, ಅವು ಕಚ್ಚಿ ರೋಗ ದಾಟಿಸುವುದನ್ನೂ ತೋರಿಸಿದರು. ಸೋಂಕು ತಗುಲಿದ ಕೆಲವು ಬಾವಲಿಗಳು ಚೇತರಿಸಿಕೊಂಡು ತಿಂಗಳುಗಟ್ಟಲೆ ವೈರಸ್ ಹರಡುತ್ತವೆ ಎಂದೂ ಅವರು ನಂಬಿದ್ದರು; ಇದನ್ನು ಮಾತ್ರ ನಂತರದ ಸಂಶೋಧಕರು ಒಪ್ಪಲಿಲ್ಲ. ಅವರು 1957ರಲ್ಲಿ ತೀರಿಕೊಂಡರು.

ವ್ಯಾಂಪೈರ್ ಬಾವಲಿ ನಮ್ಮ ದೇಶದಲ್ಲಿಲ್ಲ, ಗಾಬರಿ ಬೇಡ. ಇಲ್ಲಿ ರೇಬೀಸ್ ಹೆಚ್ಚಾಗಿ ಬರುವುದು ನಾಯಿಯಿಂದಲೇ. ಆದರೆ ಮಗುವಿಗೆ ಆದದ್ದು ಬರೀ ಪರಚು ಗಾಯ, ರಕ್ತ ಬಂದಿಲ್ಲ ಎಂದು ಸುಮ್ಮನಾಗಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ ಹಚ್ಚದೆ ತಕ್ಷಣ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಿ.