ಕಸುಬು ಕಲಿಯುವ ಮಕ್ಕಳ ತಂದೆ ಸಂತ ಜಾನ್ ಬೋಸ್ಕೊ

ಪ್ರತಿವರ್ಷ ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೋಸ್ಕೊ ಅವರ ಹಬ್ಬವನ್ನು ಆಚರಿಸುತ್ತದೆ. ಅವರನ್ನು ಯುವಜನರ ತಂದೆಯೆಂದೂ ಗುರುವೆಂದೂ ನಾವು ಸ್ಮರಿಸುತ್ತೇವೆ. ಆದರೆ ಅವರು ಮೊಟ್ಟಮೊದಲು ಕೈಹಿಡಿದು ಮೇಲೆತ್ತಿದ್ದು ಎಂತಹ ಯುವಕರನ್ನು ಎಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. ಗಾರೆ ಕೆಲಸದ ಹುಡುಗರು, ಕಲ್ಲು ಕೆತ್ತುವವರು, ಹೊಟ್ಟೆಪಾಡಿಗಾಗಿ ಹಳ್ಳಿಯಿಂದ ಪಟ್ಟಣಕ್ಕೆ ಬಂದು ದಿಕ್ಕಿಲ್ಲದೆ ಅಲೆಯುತ್ತಿದ್ದವರು, ಇವರೇ ಅವರ ಮೊದಲ ಮಕ್ಕಳು. ಮಗನು ಕಾಲೇಜಿಗೆ ಹೋಗದೆ ಐ.ಟಿ.ಐ. ಸೇರಿದನೆಂದು ಬಂಧುಗಳೆದುರು ಹೇಳಲು ಸಂಕೋಚಪಡುವ ತಂದೆತಾಯಿಯರು ನಮ್ಮ ನಡುವೆ ಇಂದಿಗೂ ಇದ್ದಾರೆ. ಅಂತಹ ಮನೆಗಳಿಗೆ ಈ ಸಂತರ ಜೀವನದಲ್ಲಿ ದೊಡ್ಡ ಸಾಂತ್ವನವೂ ಒಂದು ಎಚ್ಚರಿಕೆಯೂ ಇವೆ.

ಜಾನ್ ಬೋಸ್ಕೊ ಅವರು ಜನಿಸಿದ್ದು 1815ರ ಆಗಸ್ಟ್ 16ರಂದು, ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಕುಗ್ರಾಮದ ಬಡ ರೈತ ಕುಟುಂಬದಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಆ ಕೂಸನ್ನು ಸಾಕಿ ಸಲಹಿದವರು ತಾಯಿ ಮಾರ್ಗರೀಟ. ಅಕ್ಷರ ಬಾರದ ಆ ತಾಯಿ ಪ್ರಾರ್ಥನೆಯನ್ನೂ ದುಡಿಮೆಯನ್ನೂ ಒಟ್ಟಿಗೇ ಕಲಿಸಿದರು. ಮಗನ ಓದಿನ ಹಂಬಲಕ್ಕೆ ಮಲಅಣ್ಣನ ವಿರೋಧವಿತ್ತು. ಮನೆಯಲ್ಲಿ ನೆಮ್ಮದಿ ಕೆಟ್ಟಾಗ, ಹನ್ನೆರಡರ ಹರೆಯದ ಬಾಲಕನು ಮನೆ ಬಿಟ್ಟು ಪರರ ಹೊಲದಲ್ಲಿ ಆಳಾಗಿ ದುಡಿಯಬೇಕಾಯಿತು.

ಮುಂದೆ ಓದಿಗಾಗಿ ಕಾಸ್ಟೆಲ್‌ನುವೋವೊ ಮತ್ತು ಕಿಯೇರಿ ಪಟ್ಟಣಗಳಿಗೆ ಹೋದಾಗಲೂ ಅವರ ಕೈ ಸುಮ್ಮನಿರಲಿಲ್ಲ. ದರ್ಜಿಯ ಮನೆಯಲ್ಲಿ ತಂಗಿ ಹೊಲಿಗೆ ಕಲಿತರು. ಕಮ್ಮಾರನ ಕುಲುಮೆಯಲ್ಲಿ ಸುತ್ತಿಗೆ ಹಿಡಿದರು. ಕಾಫಿ ಅಂಗಡಿಯಲ್ಲಿ ದುಡಿಯುತ್ತ ಸಿಹಿತಿಂಡಿ ಮಾಡುವುದನ್ನು ಅರಿತರು. 1832ರಲ್ಲಿ ಸಹಪಾಠಿಗಳನ್ನು ಕೂಡಿಸಿ ಆನಂದ ಸಂಘವೊಂದನ್ನು ಕಟ್ಟಿದರು. ಕರ್ತವ್ಯವನ್ನು ಸರಿಯಾಗಿ ಮಾಡುವುದು ಮತ್ತು ಸದಾ ಹರ್ಷಚಿತ್ತರಾಗಿರುವುದು ಅದರ ಸದಸ್ಯರ ನಿಯಮ. ಕೆಲಸವೂ ನಗುವೂ ಪರಸ್ಪರ ಶತ್ರುಗಳಲ್ಲವೆಂಬ ಪಾಠವನ್ನು ಅವರು ಅಂದೇ ಕಂಡುಕೊಂಡಿದ್ದರು.

1841ರ ಜೂನ್ 5ರಂದು ಯಾಜಕದೀಕ್ಷೆ ಪಡೆದು ಟ್ಯೂರಿನ್ ನಗರದಲ್ಲಿ ನೆಲೆಸಿದ ಯುವ ಗುರುವನ್ನು ಪೂಜ್ಯ ಜೋಸೆಫ್ ಕಫಾಸ್ಸೊ ಅವರು ಸೆರೆಮನೆಗಳಿಗೆ ಕರೆದೊಯ್ದರು. ಹನ್ನೆರಡರಿಂದ ಹದಿನೆಂಟರೊಳಗಿನ ಗಟ್ಟಿಮುಟ್ಟಾದ ಹುಡುಗರು ಅಲ್ಲಿ ಕೊಳೆಯುತ್ತಿರುವುದನ್ನು ಕಂಡು ಅವರ ಹೃದಯ ನಡುಗಿತು. ಬಿಡುಗಡೆಯಾಗಿ ಹೋದವರು ಮರಳಿ ಅಲ್ಲಿಗೇ ಬರುತ್ತಿದ್ದರು. ಹೊರಗೆ ತಮ್ಮವರೆನ್ನುವ ಒಬ್ಬ ಹಿರಿಯನೂ ಇಲ್ಲದಿರುವುದೇ ಇದಕ್ಕೆ ಕಾರಣವೆಂದು ಅವರಿಗೆ ಮನವರಿಕೆಯಾಯಿತು.

ಅದೇ ವರ್ಷದ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ ನಡೆದ ಘಟನೆಯನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ ಗುಡಿಯ ಸೇವಕನು ಮೂಲೆಯಲ್ಲಿ ನಿಂತ ಹುಡುಗನೊಬ್ಬನಿಗೆ ಪೂಜೆಯಲ್ಲಿ ನೆರವಾಗಲು ಹೇಳಿದ. ತನಗೆ ಬಾರದೆಂದ ಹುಡುಗನನ್ನು ಅವನು ಹೊಡೆದು ಓಡಿಸಿದ. ಬೋಸ್ಕೊ ಅವರು ಅವನನ್ನು ಮರಳಿ ಕರೆಸಿ, ತನ್ನ ಗೆಳೆಯನೆಂದು ಹೇಳಿಕೊಂಡು, ಪೂಜೆಯ ನಂತರ ಪ್ರೀತಿಯಿಂದ ಮಾತನಾಡಿಸಿದರು. ಬಾರ್ತೊಲೊಮೆಯೊ ಗರೆಲ್ಲಿ ಎಂಬ ಹದಿನಾರರ ಆ ಅನಾಥನು ಗಾರೆ ಕೆಲಸದವನಾಗಿದ್ದ. ಓದು ಬರಹ ಅರಿಯನು. ಅವನೊಡನೆ ನಮೋ ಮರಿಯಾ ಪ್ರಾರ್ಥನೆಯನ್ನು ಜಪಿಸಿ ಧರ್ಮೋಪದೇಶ ಆರಂಭಿಸಿದರು. ಪೆಟ್ಟು ತಿಂದು ಓಡಿಹೋಗುತ್ತಿದ್ದ ಒಬ್ಬನಿಗೆ ದೊರೆತ ಆ ಒಂದು ಮಾತಿನಿಂದಲೇ ಅವರ ಮಹತ್ಕಾರ್ಯ ಮೊದಲಾಯಿತು.

ದಿನೇದಿನೇ ಹುಡುಗರ ಸಂಖ್ಯೆ ಬೆಳೆಯಿತು. ಗದ್ದಲಕ್ಕೆ ಬೇಸತ್ತವರು ಅವರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಅಟ್ಟಿದರು. ಕೊನೆಗೆ 1846ರ ಪಾಸ್ಖ ಹಬ್ಬದಂದು ವಾಲ್ಡೊಕ್ಕೊ ಬಡಾವಣೆಯಲ್ಲಿ ಒಂದು ತಗ್ಗು ಮಾಡಿನ ಕೊಟ್ಟಿಗೆ ನೆಲೆಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ತಾಯಿ ಮಾರ್ಗರೀಟ ಹಳ್ಳಿ ತೊರೆದು ಮಗನ ನೆರವಿಗೆ ಬಂದರು. ಆರಂಭದ ದಿನಗಳಲ್ಲಿ ಆಶ್ರಯ ಪಡೆದ ಹುಡುಗರು ಹೊದಿಕೆಗಳನ್ನೇ ಕದ್ದು ಪರಾರಿಯಾದದ್ದೂ ಉಂಟು. ಆದರೂ 1847ರ ಮೇ ತಿಂಗಳ ಒಂದು ಮಳೆಯ ರಾತ್ರಿ ತೊಯ್ದು ತೊಪ್ಪೆಯಾಗಿ ಬಂದ ಅನಾಥ ಹುಡುಗನಿಗೆ ಅವರು ಬಾಗಿಲು ತೆರೆದರು. ಅಡುಗೆಮನೆಯಲ್ಲಿ ಹಾಸಿಗೆ ಸಿದ್ಧವಾಯಿತು. ಮಲಗುವ ಮುನ್ನ ಆ ತಾಯಿ ಅವನಿಗೆ ದುಡಿಮೆ, ಪ್ರಾಮಾಣಿಕತೆ, ದೈವಭಕ್ತಿ ಎಂಬ ಮೂರರ ಅಗತ್ಯವನ್ನು ಕೆಲವೇ ಮಾತುಗಳಲ್ಲಿ ತಿಳಿಹೇಳಿದರು. ಬಳಿಕ ಮುಂಜಾಗ್ರತೆಗೆಂದು ಬಾಗಿಲಿಗೆ ಬೀಗವನ್ನೂ ಹಾಕಿದರು. ಸಲೇಸಿಯನ್ ಸಂಸ್ಥೆಗಳಲ್ಲಿ ಮಲಗುವ ಮುನ್ನ ನಡೆಯುವ ಶುಭರಾತ್ರಿ ನುಡಿಯ ಮೂಲ ಇದೇ. ಸದಭ್ಯಾಸವು ಒಂದು ಭಾಷಣದಿಂದ ಮೂಡುವುದಿಲ್ಲ. ಪ್ರತಿರಾತ್ರಿ ಪ್ರೀತಿಯಿಂದ ಹೇಳಿದ ಎರಡು ಮಾತುಗಳಿಂದ ಮೂಡುತ್ತದೆಂಬುದನ್ನು ನಾವು ಗಮನಿಸಬೇಕು.

ಹುಡುಗರಿಗೆ ಕೆಲಸ ಕೊಡಿಸಿ ಕೈತೊಳೆದುಕೊಳ್ಳುವ ಸ್ವಭಾವ ಬೋಸ್ಕೊ ಅವರದಾಗಿರಲಿಲ್ಲ. ಆ ಕಾಲದ ಕುಶಲಕರ್ಮಿಗಳು ಕಲಿಯಲು ಬಂದವರನ್ನು ಮನೆಗೆಲಸಕ್ಕೆ ಹಚ್ಚುತ್ತಿದ್ದರು, ಕೈಮಾಡುತ್ತಲೂ ಇದ್ದರು. ಆದ್ದರಿಂದ ಅವರು ಲಿಖಿತ ಕರಾರು ಮಾಡಿಸತೊಡಗಿದರು. 1852ರ ಫೆಬ್ರವರಿಯಲ್ಲಿ ಬಡಗಿಯೊಬ್ಬನೊಡನೆ ಆದ ಕರಾರು ಪ್ರಸಿದ್ಧವಾಗಿದೆ. ಯಜಮಾನನು ಕಸುಬನ್ನು ಮನಃಪೂರ್ವಕ ಕಲಿಸಬೇಕು. ತಪ್ಪನ್ನು ಮಾತಿನಿಂದಲ್ಲದೆ ಬೇರೆ ರೀತಿಯಲ್ಲಿ ತಿದ್ದಬಾರದು. ಶಕ್ತಿಗೆ ಮೀರಿದ ಅಥವಾ ಕಸುಬಿಗೆ ಸಂಬಂಧಿಸದ ಕೆಲಸ ಹೇಳಬಾರದು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ಹುಡುಗನ ಮೇಲೂ ಹೊಣೆಯಿತ್ತು: ಅವನು ಶ್ರದ್ಧೆ, ವಿಧೇಯತೆ, ಗೌರವಗಳಿಂದ ನಡೆಯಬೇಕು. ಅವನ ತಂದೆಯೂ ಸಹಿಹಾಕಿದ್ದನು. ಹುಡುಗನ ನಡತೆಗೆ ಬೋಸ್ಕೊ ಅವರೇ ಬೆಂಬಲವಾಗಿ ನಿಂತಿದ್ದರು. ಹಕ್ಕು ಮತ್ತು ಕರ್ತವ್ಯ ಒಂದೇ ಹಾಳೆಯಲ್ಲಿ ಕೂಡಿಬಂದಿದ್ದವು.

ಹೊರಗಿನ ಕಾರ್ಯಾಗಾರಗಳ ಕೆಟ್ಟ ಸಹವಾಸವನ್ನು ತಪ್ಪಿಸಲು 1853ರಲ್ಲಿ ವಾಲ್ಡೊಕ್ಕೊದಲ್ಲಿಯೇ ಪಾದರಕ್ಷೆ ಮತ್ತು ಹೊಲಿಗೆಯ ವಿಭಾಗಗಳನ್ನು ತೆರೆದರು. 1854ರಲ್ಲಿ ಪುಸ್ತಕ ಕಟ್ಟುವಿಕೆ, 1856ರಲ್ಲಿ ಮರಗೆಲಸ, ಮುಂದೆ ಮುದ್ರಣಾಲಯ ಮತ್ತು ಕಮ್ಮಾರಸಾಲೆ ಸೇರಿದವು. ಸಂಜೆ ಓದು, ಲೆಕ್ಕ, ಸಂಗೀತಗಳ ಪಾಠ ನಡೆಯುತ್ತಿತ್ತು. ಪೀಡ್‌ಮಾಂಟಿನಲ್ಲಿ ಮೆಟ್ರಿಕ್ ಅಳತೆ ಕಡ್ಡಾಯವಾಗಲಿದ್ದಾಗ, ಶ್ರಮಜೀವಿಗಳು ಮೋಸಹೋಗಬಾರದೆಂದು ಅದನ್ನು ಸರಳವಾಗಿ ವಿವರಿಸುವ ಕಿರುಪುಸ್ತಕವನ್ನೂ ಅವರು ಬರೆದಿದ್ದರು.

ಅವರ ಶಿಕ್ಷಣಕ್ರಮವು ವಿವೇಕ, ಧರ್ಮ, ಮಮತೆ ಎಂಬ ಮೂರು ಕಂಬಗಳ ಮೇಲೆ ನಿಂತಿತ್ತು. 1877ರಲ್ಲಿ ಇದನ್ನು ಅವರು ಬರಹರೂಪಕ್ಕಿಳಿಸಿದರು. ಹುಡುಗನು ತಪ್ಪು ಮಾಡಿದ ಮೇಲೆ ದಂಡಿಸುವುದಲ್ಲ, ತಪ್ಪುವ ಮುನ್ನವೇ ಅವನ ಜೊತೆಯಲ್ಲಿರುವುದು ಗುರುವಿನ ಕರ್ತವ್ಯ. ಆಟದ ಬಯಲಿನಲ್ಲಿ, ಕಾರ್ಯಾಗಾರದಲ್ಲಿ, ಊಟದ ಹೊತ್ತಿನಲ್ಲಿ ಹಿರಿಯರು ಹುಡುಗರ ನಡುವೆಯೇ ಇರಬೇಕು. ತನ್ನನ್ನು ಪ್ರೀತಿಸುತ್ತಾರೆಂಬುದು ಹುಡುಗನಿಗೆ ತಿಳಿಯುವಂತೆ ಪ್ರೀತಿಸಬೇಕು. ಇದರ ಫಲ 1854ರಲ್ಲಿಯೇ ಕಂಡಿತ್ತು. ಟ್ಯೂರಿನ್‌ಗೆ ಕಾಲರಾ ಬಂದಾಗ, ಒಮ್ಮೆ ಬೀದಿಪಾಲಾಗಿದ್ದ ಹುಡುಗರೇ ಮುಂದೆ ಬಂದು ರೋಗಿಗಳ ಸೇವೆಗೆ ನಿಂತರು.

1859ರಲ್ಲಿ ಸಲೇಸಿಯನ್ ಸಭೆ ಸ್ಥಾಪನೆಯಾಯಿತು. 1888ರ ಜನವರಿ 31ರಂದು ಬೋಸ್ಕೊ ಅವರು ದೈವಾಧೀನರಾದರು. 1934ರ ಪಾಸ್ಖ ಹಬ್ಬದಂದು ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು ಅವರನ್ನು ಸಂತರ ಪಟ್ಟಿಗೆ ಸೇರಿಸಿದರು. 1906ರಲ್ಲಿ ಅವರ ಅನುಯಾಯಿಗಳು ತಂಜಾವೂರಿಗೆ ಬಂದರು. ಇಂದು ನಮ್ಮ ನಾಡಿನಲ್ಲಿಯೂ ಅವರ ಹೆಸರಿನ ಶಾಲೆಗಳೂ ತರಬೇತಿ ಕೇಂದ್ರಗಳೂ ಇವೆ.

ತರಬೇತಿ ಸಂಸ್ಥೆಯು ನಮ್ಮ ಮಕ್ಕಳಿಗೆ ಯಂತ್ರವನ್ನು ನಡೆಸಲು ಕಲಿಸಬಲ್ಲದು. ಹೊತ್ತಿಗೆ ಸರಿಯಾಗಿ ಹೋಗುವುದು, ಹಿಡಿದ ಕೆಲಸ ಮುಗಿಸುವುದು, ತಪ್ಪಾದರೆ ಒಪ್ಪಿಕೊಳ್ಳುವುದು, ಉಪಕರಣವನ್ನು ಜೋಪಾನ ಮಾಡುವುದು, ಇವು ಬಹುಮಟ್ಟಿಗೆ ಮನೆಯಲ್ಲಿ ಬೆಳೆಯುವ ಗುಣಗಳು. ಕಸುಬನ್ನು ನಾವೇ ಕೀಳೆಂದು ಕಂಡರೆ ಮಗನಲ್ಲಿ ಶ್ರದ್ಧೆ ಹುಟ್ಟುವುದೆಂತು? ಆದ್ದರಿಂದ ಈ ಹಬ್ಬದ ದಿನ ಒಂದು ಸಣ್ಣ ನಿರ್ಧಾರ ಮಾಡೋಣ. ಸಂಜೆ ಮಗ ಅಥವಾ ಮಗಳು ಮನೆಗೆ ಮರಳಿದಾಗ ಅಂಕಗಳನ್ನು ಕೇಳುವ ಮೊದಲು, ಇಂದು ಕೈಯಲ್ಲಿ ಏನು ಕೆಲಸ ಮಾಡಿದೆಯೆಂದು ಕೇಳೋಣ. ಕೊಂಚ ಹೊತ್ತು ಕುಳಿತು ಆಲಿಸೋಣ. ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಪ್ರಭು ಯೇಸು, ಸಂತ ಜಾನ್ ಬೋಸ್ಕೊ ಅವರ ಬಿನ್ನಹದ ಮೂಲಕ, ದುಡಿಯಲು ಕಲಿಯುತ್ತಿರುವ ನಮ್ಮೆಲ್ಲ ಮಕ್ಕಳನ್ನು ಹರಸಲಿ.